ಟ್ಯಾಬ್‌ಗೆ ಇಂಟರ್ನೆಟ್: ಸಿಮ್, ಹಾಟ್‌ಸ್ಪಾಟ್, ಫೈಬರ್‌ಗಳಲ್ಲಿ ನಿಮ್ಮ ಮನೆಗೆ ಯಾವುದು ಸರಿ?

ಮಕ್ಕಳ ಓದಿಗೋ, ಕೆಲಸದ ಅರ್ಜಿಗಳಿಗೋ ಎಂದು ಮನೆಗೊಂದು ಟ್ಯಾಬ್ ತರುವಾಗ ಅಂಗಡಿಯಲ್ಲಿ ನಾವು ಕೇಳುವುದು ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು ಜಿಬಿ ಎಂದು. ಅದಕ್ಕೆ ಇಂಟರ್ನೆಟ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಏಳುವುದು ಡಬ್ಬ ಬಿಚ್ಚಿದ ಮೇಲೆ. ಕೆಲವರಿಗೆ ಆಗಲೇ ಗೊತ್ತಾಗುವುದು, ಆ ಟ್ಯಾಬ್‌ನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲವೆಂದು. ಇನ್ನು ಕೆಲವರು ಹೆಚ್ಚು ದುಡ್ಡು ಕೊಟ್ಟು ಸಿಮ್ ಇರುವ ಟ್ಯಾಬ್ ತಂದಿರುತ್ತಾರೆ; ಆದರೆ ಮನೆಯೊಳಗೆ ಸಿಗ್ನಲ್ಲೇ ಸಿಗುವುದಿಲ್ಲ.

ಪೇಟೆಯಲ್ಲಿ ಇದು ಸಣ್ಣ ತಲೆನೋವು. ಕಾಡಂಚಿನ ಊರಿನಲ್ಲಿ ಹಾಗಲ್ಲ. ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರನ್ನೇ ನೋಡಿ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಈ ಊರಿನ ಹೆಸರಿನದೇ ಒಂದು ಅರಣ್ಯ ವಲಯವಿದೆ. ಕಬಿನಿ ಹಿನ್ನೀರೂ ದೂರವಿಲ್ಲ. ಇಂಥ ಕಡೆ 'ಮನೆಯಲ್ಲಿ ಸಿಗ್ನಲ್ ಇಲ್ಲ, ಸ್ವಲ್ಪ ಆಚೆ ಹೋಗಿ ನೋಡು' ಎಂದು ಮಕ್ಕಳಿಗೆ ಹೇಳುವುದು ಸುಲಭದ ಮಾತಲ್ಲ. 2025ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಪಕ್ಕದ ಸರಗೂರು ಭಾಗದ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡರು. ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಆನೆಗಳ ಓಡಾಟವಂತೂ ವರ್ಷವಿಡೀ ಇದ್ದದ್ದೇ.

ಹಾಗಾಗಿ ಈ ಲೇಖನದ ಮುಖ್ಯ ಮಾತು ಇದು: ಅಗ್ಗದ ಪ್ಲಾನ್ ಯಾವುದು, ವೇಗದ ಕಂಪನಿ ಯಾವುದು ಎಂದು ಹುಡುಕುವ ಮೊದಲು, ನೀವು ಕೂತು ಓದುವ ಜಾಗದಲ್ಲಿ, ಓದುವ ಹೊತ್ತಿನಲ್ಲಿ ಸಿಗ್ನಲ್ ಎಷ್ಟಿದೆ ಎಂದು ನೋಡಿಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ವೈಫೈ ಬೇರೆ, ಇಂಟರ್ನೆಟ್ ಬೇರೆ

'ನಮ್ಮ ಟ್ಯಾಬ್‌ನಲ್ಲಿ ವೈಫೈ ಇದೆ, ಇಂಟರ್ನೆಟ್‌ಗೆ ತೊಂದರೆಯಿಲ್ಲ' ಎಂದು ಹೇಳುವವರಿದ್ದಾರೆ. ವೈಫೈ ಅಂದರೆ ಮನೆಯೊಳಗಿನ ಕೊಳಾಯಿ ಇದ್ದ ಹಾಗೆ. ಓವರ್‌ಹೆಡ್ ಟ್ಯಾಂಕಿಗೆ ನೀರು ಬಾರದಿದ್ದರೆ ಕೊಳಾಯಿ ತಿರುಗಿಸಿ ಏನು ಪ್ರಯೋಜನ? ವೈಫೈ ಮಾಡುವ ಕೆಲಸ, ಒಂದು ಸಾಧನದಲ್ಲಿರುವ ಇಂಟರ್ನೆಟ್ಟನ್ನು ಹತ್ತಿರದ ಇನ್ನೊಂದಕ್ಕೆ ಗಾಳಿಯಲ್ಲಿ ದಾಟಿಸುವುದು. ಆ ಮೊದಲ ಸಾಧನಕ್ಕೆ ಇಂಟರ್ನೆಟ್ ಮೊಬೈಲ್ ಟವರ್‌ನಿಂದಲೋ ಫೈಬರ್ ಕೇಬಲ್‌ನಿಂದಲೋ ಉಪಗ್ರಹದಿಂದಲೋ ಬರಬೇಕು.

ಟ್ಯಾಬ್‌ಗಳಲ್ಲಿ ಎರಡು ಬಗೆ. ಒಂದು ವೈಫೈ ಮಾತ್ರ ಇರುವುದು. ಇನ್ನೊಂದು ವೈಫೈ ಜೊತೆಗೆ ಸಿಮ್ಮೂ ಇರುವುದು. ಇದರ ಡಬ್ಬದ ಮೇಲೆ ಎಲ್‌ಟಿಇ, 4ಜಿ, 5ಜಿ ಅಥವಾ ಸೆಲ್ಯುಲಾರ್ ಎಂದು ಬರೆದಿರುತ್ತದೆ. ಒಂದೇ ಹೆಸರಿನ ಟ್ಯಾಬ್ ಎರಡೂ ಬಗೆಯಲ್ಲಿ ಬರುವುದರಿಂದ ಮೋಸ ಹೋಗುವುದು ಸುಲಭ. ಗುರುತಿಸುವುದಕ್ಕೆ ಒಂದು ದಾರಿಯಿದೆ: ಸಿಮ್ ಹಾಕಬಹುದಾದ ಸಾಧನಕ್ಕೆ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಡಬ್ಬದ ಮೇಲೆ ಅದಿಲ್ಲವೆಂದರೆ ಅದು ವೈಫೈ ಮಾತ್ರದ ಟ್ಯಾಬ್. ವೈಫೈ ಟ್ಯಾಬನ್ನು ಆಮೇಲೆ ಸಿಮ್ ಟ್ಯಾಬ್ ಆಗಿ ಮಾಡಿಸಿಕೊಳ್ಳಲು ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಟ್ಯಾಬ್ ಕೊಳ್ಳುವವರು ಈ ಸಂಖ್ಯೆಯನ್ನು ಇನ್ನೊಂದು ಕೆಲಸಕ್ಕೂ ಬಳಸಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ಅದನ್ನು ಹಾಕಿದರೆ, ಕಳವಾಗಿ ಬ್ಲಾಕ್ ಆದ ಸಾಧನವೇ ಅಲ್ಲವೇ ಎಂದು ತಿಳಿಯುತ್ತದೆ.

ಕಾಡಂಚಿನಲ್ಲಿ ಸಿಗ್ನಲ್ ಯಾಕೆ ಹೀಗೆ?

ಮೊಬೈಲ್ ಸಿಗ್ನಲ್ ಒಂದು ರೇಡಿಯೊ ಅಲೆ. ಅದರ ದಾರಿಗೆ ಗುಡ್ಡ, ದಟ್ಟ ಮರ, ಗೋಡೆ ಅಡ್ಡ ಬಂದರೆ ಶಕ್ತಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎನ್ನುವುದು ಅಲೆಯ ಆವರ್ತನದ ಮೇಲೆ ನಿಂತಿದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಆವರ್ತನಗಳು ದೂರ ಹೋಗುತ್ತವೆ. ಮರ, ಗೋಡೆಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ. 1800, 2100, 2300 ಮೆಗಾಹರ್ಟ್ಸ್ ಅಷ್ಟು ದಾಟುವುದಿಲ್ಲ. ನಗರಗಳಲ್ಲಿ 5ಜಿ ಹೆಚ್ಚಾಗಿ ಓಡುವ 3300 ಮೆಗಾಹರ್ಟ್ಸ್ ಆಸುಪಾಸಿನ ಅಲೆ ಇನ್ನೂ ಬೇಗ ಸೋಲುತ್ತದೆ.

ಹಾಗಾಗಿ ಒಂದೇ ಜಿಲ್ಲೆಯಲ್ಲಿ ಕತೆ ಬೇರೆಬೇರೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಟವರ್‌ನಿಂದ ಮನೆಯವರೆಗೆ ಅಡ್ಡಿ ಕಡಿಮೆ. ಎಚ್.ಡಿ. ಕೋಟೆಯ ಕಾಡಿನ ಕಡೆಗೆ ಬಂದರೆ ಮರಗಳ ಮರೆ, ಜೊತೆಗೆ ಮನೆಗಳು ಚದುರಿವೆ. ಸಂರಕ್ಷಿತ ಅರಣ್ಯದೊಳಗೆ ಟವರ್ ನಿಲ್ಲಿಸುವುದಕ್ಕೂ ಕೇಬಲ್ ಎಳೆಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡೊಳಗಿನ ಹಾಡಿಗಳಿಗೆ ಸಂಪರ್ಕ ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಹಿನ್ನೀರಿನ ದಡದಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಸಿಗುವುದೂ ಇದೇ ಕಾರಣಕ್ಕೆ. ನೀರಿನ ಮೇಲೆ ಮರವೂ ಇಲ್ಲ, ಗೋಡೆಯೂ ಇಲ್ಲ. ಆಚೆ ದಡದ ಟವರ್‌ನ ಅಲೆ ನೇರವಾಗಿ ಬರುತ್ತದೆ. ಆದರೆ ಸಂಜೆ ಆ ದಡಕ್ಕೆ ಆನೆಗಳೂ ನೀರಿಗೆ ಬರುತ್ತವೆ. ಸಿಗ್ನಲ್ ಸಿಗುವ ಜಾಗವೆಲ್ಲ ಕೂರುವ ಜಾಗವಲ್ಲ.

ಮನೆಯೂ ಲೆಕ್ಕಕ್ಕೆ ಬರುತ್ತದೆ. ಹಂಚಿನ ಸೂರು ಅಲೆಯನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ. ಆರ್‌ಸಿಸಿ ತಾರಸಿಯೊಳಗೆ ಕಬ್ಬಿಣದ ಸರಳುಗಳಿರುವುದರಿಂದ ಅಷ್ಟು ಬಿಡುವುದಿಲ್ಲ. ತಗಡಿನ ಶೀಟು ಎಲ್ಲಕ್ಕಿಂತ ಕೆಟ್ಟದ್ದು. ಲೋಹವು ರೇಡಿಯೊ ಅಲೆಯನ್ನು ತಿರುಗಿಸಿ ಕಳಿಸುತ್ತದೆ. ಶೀಟಿನ ಮನೆಯೊಳಗೆ ಸತ್ತಂತಿದ್ದ ಫೋನ್ ಜಗುಲಿಗೆ ಬಂದ ಕೂಡಲೇ ಟಿಂಗ್ ಎನ್ನುವುದು ಇದರಿಂದಲೇ.

ಕಡ್ಡಿ ಎಣಿಸಬೇಡಿ, ಅಳೆಯಿರಿ

ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಂದು ಕಂಪನಿಯ ಫೋನ್ ಮೂರು ಕಡ್ಡಿ ತೋರಿಸುವ ಜಾಗದಲ್ಲಿ ಇನ್ನೊಂದು ಎರಡೇ ತೋರಿಸಬಹುದು. ನಿಜವಾದ ಅಳತೆ ಸೆಟ್ಟಿಂಗ್ಸ್‌ನಲ್ಲಿದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ 'ಅಬೌಟ್ ಫೋನ್' ಒಳಗೆ 'ಸಿಮ್ ಸ್ಟೇಟಸ್' ಎಂಬಲ್ಲಿ ಸಿಗ್ನಲ್ ಶಕ್ತಿಯನ್ನು ಡಿಬಿಎಂ ಎಂಬ ಏಕಮಾನದಲ್ಲಿ ಕೊಟ್ಟಿರುತ್ತಾರೆ. ಅದು ಮೈನಸ್ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಗೆ ಒರಟಾಗಿ ಹೀಗೆ ಓದಿಕೊಳ್ಳಬಹುದು:

- ಮೈನಸ್ 90 ಅಥವಾ ಅದಕ್ಕಿಂತ ಉತ್ತಮ: ವಿಡಿಯೊ ಪಾಠಕ್ಕೆ ಚೆನ್ನಾಗಿ ಸಾಕು.
- ಮೈನಸ್ 90ರಿಂದ 105: ಸಾಮಾನ್ಯವಾಗಿ ನಡೆಯುತ್ತದೆ.
- ಮೈನಸ್ 105ರಿಂದ 115: ಸಂದೇಶ ಹೋಗುತ್ತದೆ, ವಿಡಿಯೊ ತಿರುಗುತ್ತಾ ಕೂರುತ್ತದೆ.
- ಮೈನಸ್ 115ಕ್ಕಿಂತ ಕೆಳಗೆ: ನಂಬಿಕೊಳ್ಳುವಂತಿಲ್ಲ.

ಈ ಅಳತೆಯಲ್ಲಿ ಪ್ರತಿ ಹತ್ತು ಅಂಕಿಗೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಮೈನಸ್ 110 ಇರುವ ಒಳಕೋಣೆಗೂ ಮೈನಸ್ 90 ಇರುವ ಕಿಟಕಿಗೂ ನಡುವಿನ ವ್ಯತ್ಯಾಸ ಇಪ್ಪತ್ತಲ್ಲ, ನೂರು ಪಟ್ಟು. ಟ್ಯಾಬನ್ನು ನಾಲ್ಕು ಹೆಜ್ಜೆ ಆಚೆ ಇಟ್ಟರೆ ಎಲ್ಲವೂ ಬದಲಾಗುವುದು ಇದಕ್ಕೇ.

ಕೊಳ್ಳುವ ಮೊದಲು ಮೂರು ದಿನ ಹೀಗೆ ಮಾಡಿ. ಮನೆಯಲ್ಲಿ ಮೂರು ಜಾಗ ಆರಿಸಿ: ಓದುವ ಜಾಗ, ಕಿಟಕಿ, ಜಗುಲಿ ಅಥವಾ ತಾರಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ಹೊತ್ತಿಗೆ ಅಳೆದು ಒಂದು ಹಾಳೆಯಲ್ಲಿ ಬರೆದಿಡಿ. ನೆರೆಯವರ ಬಳಿ ಬೇರೆ ಕಂಪನಿಯ ಸಿಮ್ ಇದ್ದರೆ ಅದನ್ನೂ ನೋಡಿ. ರಾತ್ರಿ ಎಂಟು ಯಾಕೆಂದರೆ, ಒಂದು ಟವರ್‌ನ ಇಂಟರ್ನೆಟ್ಟನ್ನು ಅದರ ವ್ಯಾಪ್ತಿಯ ಎಲ್ಲರೂ ಹಂಚಿಕೊಳ್ಳುತ್ತಾರೆ. ಎಲ್ಲರೂ ಊಟ ಮುಗಿಸಿ ವಿಡಿಯೊ ನೋಡುವ ಹೊತ್ತಿಗೆ ಸಿಗ್ನಲ್ ಬಲವಾಗಿದ್ದರೂ ವೇಗ ಬೀಳುತ್ತದೆ. ವೇಗ ನೋಡಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 'ಮೈಸ್ಪೀಡ್' ಆ್ಯಪ್ ಇದೆ. ಯಾವ ಊರಿಗೆ ತಮ್ಮ ಸಿಗ್ನಲ್ ತಲುಪುತ್ತದೆ ಎಂಬ ನಕ್ಷೆಯನ್ನೂ ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕೆಂದು ಟ್ರಾಯ್ ನಿಯಮ ಮಾಡಿದೆ. ನಕ್ಷೆ ನೋಡಿ, ಆದರೆ ನಂಬುವುದು ನಿಮ್ಮ ಹಾಳೆಯನ್ನು. ನಕ್ಷೆಗೆ ನಿಮ್ಮ ಮನೆಯ ಶೀಟು ಗೊತ್ತಿರುವುದಿಲ್ಲ.

ದಾರಿ 1: ಟ್ಯಾಬ್‌ಗೇ ಸಿಮ್

ಇದರ ದೊಡ್ಡ ಅನುಕೂಲ, ಟ್ಯಾಬ್ ಯಾರನ್ನೂ ಕಾಯಬೇಕಿಲ್ಲ. ಮನೆಯ ಫೋನ್ ಹಿಡಿದು ಅಪ್ಪ ಬೆಳಿಗ್ಗೆಯೇ ಹೊಲಕ್ಕೋ ಡೈರಿಗೋ ಹೋದರೂ ಮಗಳ ಪಾಠ ನಿಲ್ಲುವುದಿಲ್ಲ. ಫೋನಿನಲ್ಲಿ ಒಂದು ಕಂಪನಿ, ಟ್ಯಾಬ್‌ನಲ್ಲಿ ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಂಡರೆ ಒಂದು ಕೈಕೊಟ್ಟಾಗ ಇನ್ನೊಂದು ಇರುತ್ತದೆ.

ಆದರೆ ಟ್ಯಾಬ್‌ನ ಸಿಮ್ ಮತ್ತು ಫೋನ್‌ನ ಸಿಮ್ ಕೇಳುವುದು ಅದೇ ಟವರನ್ನು. ಮೇಜಿನ ಮೇಲಿನ ಫೋನಿಗೆ ಸಿಗ್ನಲ್ ಇಲ್ಲವೆಂದರೆ, ಪಕ್ಕದಲ್ಲಿಟ್ಟ ಟ್ಯಾಬ್‌ಗೂ ಸಾಮಾನ್ಯವಾಗಿ ಇರುವುದಿಲ್ಲ. ದುಬಾರಿ ಟ್ಯಾಬ್ ಇದನ್ನು ಬದಲಿಸದು.

ಎರಡನೆಯದು ಖರ್ಚು. ಇನ್ನೊಂದು ಸಿಮ್ ಎಂದರೆ ಇನ್ನೊಂದು ರೀಚಾರ್ಜ್. 28 ದಿನದ ಪ್ಲಾನ್ ಹಾಕುವವರು ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು ಕಟ್ಟುತ್ತಾರೆ. ಪ್ಲಾನ್‌ಗಳ ಬೆಲೆ ಹೋಲಿಸುವಾಗ ಒಟ್ಟು ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂದು ನೋಡಿ.

ಮೂರನೆಯದು ಬ್ಯಾಂಡ್. ಪ್ರತಿ ಆವರ್ತನಕ್ಕೂ ಒಂದು ಬ್ಯಾಂಡ್ ಸಂಖ್ಯೆ ಇದೆ. ಬಿಎಸ್‌ಎನ್‌ಎಲ್ 4ಜಿ ಬಳಸುವುದು 700 ಮತ್ತು 2100 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28 ಮತ್ತು ಬ್ಯಾಂಡ್ 1. ಮೊಬೈಲ್ ಸೇವೆಯೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಒಪ್ಪಿಗೆ ನೀಡಿ, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ದೇಶದಲ್ಲೇ ತಯಾರಾದ ತಂತ್ರಜ್ಞಾನದ ಬಿಎಸ್‌ಎನ್‌ಎಲ್ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕಾಡಂಚಿನ ಊರಿಗೆ 700 ಮೆಗಾಹರ್ಟ್ಸ್ ವರವೇ ಸರಿ; ಆದರೆ ಹಳೆಯ ಟ್ಯಾಬ್‌ಗಳಲ್ಲಿ, ಹೊರದೇಶದಿಂದ ತಂದವುಗಳಲ್ಲಿ ಬ್ಯಾಂಡ್ 28 ಇಲ್ಲದಿರಬಹುದು. ಕೊಳ್ಳುವ ಮೊದಲು ಆ ಮಾದರಿಯ ಬ್ಯಾಂಡ್ ಪಟ್ಟಿ ನೋಡಿ.

ದಾರಿ 2: ಫೋನಿನ ಹಾಟ್‌ಸ್ಪಾಟ್

ಹೆಚ್ಚಿನ ಮನೆಗಳು ಇಲ್ಲಿಂದಲೇ ಶುರು ಮಾಡುವುದು ಜಾಣತನ. ಹೊಸ ಸಿಮ್ ಬೇಡ, ಹೊಸ ಯಂತ್ರ ಬೇಡ, ವೈಫೈ ಟ್ಯಾಬ್ ಸಾಕು.

ಹಾಟ್‌ಸ್ಪಾಟ್ ಹಾಕಿದರೆ ಡೇಟಾ ಬೇಗ ಖಾಲಿಯಾಗುತ್ತದೆ ಎಂಬ ದೂರಿದೆ. ಹಾಟ್‌ಸ್ಪಾಟ್ ತಾನಾಗಿ ಡೇಟಾ ತಿನ್ನುವುದಿಲ್ಲ. ಆದರೆ ವೈಫೈ ಎಂದರೆ ಮಿತಿಯಿಲ್ಲದ ಇಂಟರ್ನೆಟ್ ಎಂದು ಟ್ಯಾಬ್ ಭಾವಿಸುತ್ತದೆ. ಆ್ಯಪ್‌ಗಳನ್ನು ಅಪ್‌ಡೇಟ್ ಮಾಡುತ್ತದೆ, ಫೋಟೊಗಳನ್ನೆಲ್ಲ ಮೇಲಕ್ಕೆ ಕಳಿಸುತ್ತದೆ, ದೊಡ್ಡ ಪರದೆಯೆಂದು ವಿಡಿಯೊವನ್ನು ಹೆಚ್ಚು ಗುಣಮಟ್ಟದಲ್ಲಿ ತರಿಸುತ್ತದೆ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಆ ವೈಫೈ ಹೆಸರಿನ ಸೆಟ್ಟಿಂಗ್ಸ್‌ಗೆ ಹೋಗಿ 'ಮೀಟರ್ಡ್' ಎಂದು ಆರಿಸಿದರೆ, ಐಪ್ಯಾಡ್‌ನಲ್ಲಿ 'ಲೋ ಡೇಟಾ ಮೋಡ್' ಹಾಕಿದರೆ ಈ ಸೋರಿಕೆ ಬಹುಪಾಲು ನಿಲ್ಲುತ್ತದೆ.

ಫೋನಿನ ಬ್ಯಾಟರಿ ಮಾತ್ರ ನಿಜವಾಗಿಯೂ ಬೇಗ ಇಳಿಯುತ್ತದೆ. ಟವರ್ ಜೊತೆಗೂ ಟ್ಯಾಬ್ ಜೊತೆಗೂ ಅದು ಒಟ್ಟಿಗೇ ಮಾತಾಡುತ್ತಿರುತ್ತದೆ. ಬರಹ, ಇಮೇಲ್ ಅಷ್ಟೇ ಸಾಕೆಂದಾಗ ಬ್ಲೂಟೂತ್ ಮೂಲಕ ಹಂಚಿಕೊಳ್ಳಬಹುದು. ಅದು ನಿಧಾನ, ಆದರೆ ಬ್ಯಾಟರಿ ಉಳಿಯುತ್ತದೆ. ಹಾಟ್‌ಸ್ಪಾಟ್‌ಗೆ ಪಾಸ್‌ವರ್ಡ್ ಇಡುವುದನ್ನು ಮರೆಯಬೇಡಿ.

ದಾರಿ 3: ಸಿಗ್ನಲ್ ಇರುವಲ್ಲಿ ರೂಟರ್, ನೆಮ್ಮದಿಯಾಗಿ ಕೂರುವಲ್ಲಿ ಟ್ಯಾಬ್

ಕಿಟಕಿಯಲ್ಲಿ ಮೈನಸ್ 95, ಒಳಗೆ ಮೈನಸ್ 115 ಎಂದು ನಿಮ್ಮ ಹಾಳೆ ಹೇಳುತ್ತಿದ್ದರೆ ಈ ದಾರಿ ನಿಮಗಾಗಿ. ಟವರ್ ಮಾತು ಕೇಳುವ ಯಂತ್ರವನ್ನು ಕಿಟಕಿಯಲ್ಲೋ ಅಟ್ಟದ ಮೇಲೋ ಇಡಿ. ಅಲ್ಲಿಂದ ವೈಫೈ ಒಳಗೆ ಬರಲಿ. ವೈಫೈ ಒಂದೆರಡು ಗೋಡೆ ದಾಟಿ ಹತ್ತು ಹದಿನೈದು ಮೀಟರ್ ಬರುತ್ತದೆ. ಕೆಲಸಕ್ಕೆ ಸಾಕು.

ಇದಕ್ಕೆ ಸಿಮ್ ಹಾಕುವ ಪುಟ್ಟ ರೂಟರ್‌ಗಳು ಸಿಗುತ್ತವೆ; ಜನ ಇದನ್ನೂ ಡಾಂಗಲ್ ಎಂದೇ ಕರೆಯುತ್ತಾರೆ. ಅದನ್ನು ಕೊಳ್ಳುವ ಮೊದಲು ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ 4ಜಿ ಫೋನನ್ನು ಹೊರತೆಗೆಯಿರಿ. ಪರದೆ ಒಡೆದಿದ್ದರೂ ಚಿಂತೆಯಿಲ್ಲ. ಸಿಮ್ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ, ಚಾರ್ಜರ್ ಜೊತೆ ಕಿಟಕಿಯಲ್ಲಿಟ್ಟರೆ ಅದೇ ರೂಟರ್. ಹಾಟ್‌ಸ್ಪಾಟ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಆಯ್ಕೆ ಇದ್ದರೆ 2.4 ಆರಿಸಿ, ಗೋಡೆ ದಾಟುವುದರಲ್ಲಿ ಅದು ಮೇಲು. ಬ್ಯಾಟರಿ ಉಬ್ಬಿದ ಫೋನನ್ನು ಮಾತ್ರ ಬಳಸಬೇಡಿ. ಬಿಸಿಲಿಗೆ ಕಾಯುವ ಶೀಟಿನ ಕೆಳಗೂ ಇಡಬೇಡಿ.

ಮಕ್ಕಳು ಸಿಗ್ನಲ್ ಹುಡುಕಿಕೊಂಡು ಹೊರಗೆ ಹೋಗುವುದನ್ನು ತಪ್ಪಿಸುವ ಅತಿ ಅಗ್ಗದ ಉಪಾಯ ಇದು.

ದಾರಿ 4: ಫೈಬರ್

ಫೈಬರ್‌ನಲ್ಲಿ ಗಾಜಿನ ಎಳೆಯೊಳಗೆ ಬೆಳಕು ಓಡುತ್ತದೆ. ಗುಡ್ಡ, ಮರ, ಶೀಟು ಯಾವುದೂ ಅಡ್ಡಿಯಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ರಾಷ್ಟ್ರೀಯ ಯೋಜನೆಗೆ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಮಂಜೂರಾಯಿತು. ಪಂಚಾಯಿತಿ ಕಚೇರಿಗೆ ಫೈಬರ್ ಬಂದಿದೆ ಎಂದರೆ ನಿಮ್ಮ ಬೀದಿಗೂ ಬಂದಿದೆ ಎಂದರ್ಥವಲ್ಲ. ಕೇಳಬೇಕಾದ ಪ್ರಶ್ನೆ, ನಮ್ಮ ಮನೆಗೆ ಎಳೆ ತರುವವರು ಯಾರು ಮತ್ತು ತುಂಡಾದರೆ ಎಷ್ಟು ದಿನಕ್ಕೆ ಸರಿ ಮಾಡುತ್ತಾರೆ ಎಂದು. ಕಂಬದ ಮೇಲೆ ಹೋಗುವ ಎಳೆಗೆ ಮರ ಬಿದ್ದರೆ ಸಾಕು, ಕೆಲಸ ಕೆಟ್ಟಿತು. ಈಗಾಗಲೇ ಸಂಪರ್ಕ ಪಡೆದ ನೆರೆಯವರ ಅನುಭವ ಕೇಳಿ.

ಇನ್ನೊಂದು ವಿಷಯ ಕರೆಂಟು. ಕರೆಂಟ್ ಹೋದರೆ ಮನೆಯ ಫೈಬರ್ ಪೆಟ್ಟಿಗೆ ಆರಿಹೋಗುತ್ತದೆ. ರೂಟರ್‌ಗೆಂದೇ ಬರುವ ಸಣ್ಣ ಯುಪಿಎಸ್ ಇಟ್ಟುಕೊಂಡರೆ ಕೆಲವು ಗಂಟೆ ನಡೆಯುತ್ತದೆ. ಟ್ಯಾಬ್, ಟಿವಿ, ಮನೆಯವರ ಫೋನ್‌ಗಳು ಎಲ್ಲವೂ ಒಂದೇ ಸಂಪರ್ಕ ಹಂಚಿಕೊಳ್ಳುವುದಾದರೆ, ಫೈಬರ್ ಸಿಗುವ ಊರಿನಲ್ಲಿ ಅದಕ್ಕೆ ಸಾಟಿಯಿಲ್ಲ.

ದಾರಿ 5: ಉಪಗ್ರಹ

ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಹಳೆಯ ಬಗೆಯ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿವೆ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಆ ದೂರವನ್ನು ನಾಲ್ಕು ಸಲ ದಾಟಬೇಕು. ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡ್ ಹಿಡಿಯುತ್ತದೆ. ಸ್ಟಾರ್‌ಲಿಂಕ್ ಉಪಗ್ರಹಗಳು 550 ಕಿಲೊಮೀಟರ್ ಆಸುಪಾಸಿನಲ್ಲಿ ಸುತ್ತುವುದರಿಂದ ಈ ತಡ ಬಹಳ ಕಡಿಮೆ. ಟವರ್ ಬಾರದ ಹಾಡಿಯ ಶಾಲೆಗೋ ಆರೋಗ್ಯ ಕೇಂದ್ರಕ್ಕೋ ಇದು ಮುಂದೆ ಉಪಯೋಗಕ್ಕೆ ಬಂದೀತು. ಆದರೆ ಆ್ಯಂಟೆನಾಗೆ ಮರಗಳ ಮರೆಯಿಲ್ಲದ ಆಕಾಶ ಬೇಕು; ಕಾಡಿನೊಳಗೆ ಅದೇ ಕಷ್ಟ. ಒಂದು ಟ್ಯಾಬ್‌ಗಾಗಿ ಇದನ್ನು ಕಾದು ಕೂರುವ ಅಗತ್ಯವಿಲ್ಲ.

ದಾರಿ 6: ಯಾವಾಗಲೂ ಸಂಪರ್ಕ ಬೇಡವೆನ್ನುವುದು

ಇದನ್ನು ಯಾರೂ ದಾರಿಯೆಂದೇ ಎಣಿಸುವುದಿಲ್ಲ. ಓದುವ ಮಕ್ಕಳಿಗೆ ಪಾಠ ಬೇಕು. ಅದು ಆ ಕ್ಷಣವೇ ಇಂಟರ್ನೆಟ್‌ನಿಂದ ಬರಬೇಕೆಂದಿಲ್ಲ. ರಾಜ್ಯದ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡ್‌ಗಳಿಂದ ತೆರೆಯುವ ದೀಕ್ಷಾ ಆ್ಯಪ್‌ನ ಪಾಠಗಳನ್ನು ಇಳಿಸಿಕೊಂಡು ಆಫ್‌ಲೈನ್‌ನಲ್ಲಿ ನೋಡಬಹುದು. ಯೂಟ್ಯೂಬ್ ಆ್ಯಪ್‌ನಲ್ಲೂ ಹಲವು ವಿಡಿಯೊಗಳಿಗೆ ಈ ಸೌಲಭ್ಯವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ರಾಜ್ಯ ಸರ್ಕಾರ 'ಅರಿವು ಕೇಂದ್ರ'ಗಳಾಗಿ ಬದಲಿಸುತ್ತಿದೆ. ಅಲ್ಲಿ ಇಂಟರ್ನೆಟ್ ಇದ್ದರೆ ಹಗಲು ಹೊತ್ತಿನಲ್ಲಿ ವಾರದ ಪಾಠ ಇಳಿಸಿಕೊಂಡು ಬಂದು ರಾತ್ರಿ ಮನೆಯಲ್ಲಿ ನೋಡಬಹುದು. ಹೀಗೆ ಬಳಸುವವರಿಗೆ ಸಿಮ್ ಟ್ಯಾಬ್‌ಗಿಂತ ಹೆಚ್ಚು ಸ್ಟೋರೇಜ್ ಇರುವ ವೈಫೈ ಟ್ಯಾಬ್ ಮೇಲು.

ಎಷ್ಟು ವೇಗ, ಎಷ್ಟು ಡೇಟಾ ಬೇಕು?

ಭಾರತದಲ್ಲಿ 'ಬ್ರಾಡ್‌ಬ್ಯಾಂಡ್' ಎನ್ನಿಸಿಕೊಳ್ಳಲು 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕು. ಅದಕ್ಕೂ ಮೊದಲು 512 ಕೆಬಿಪಿಎಸ್ ಸಾಕಿತ್ತು. 480ಪಿ ಗುಣಮಟ್ಟದ ಪಾಠದ ವಿಡಿಯೊಗೆ ಸುಮಾರು 1 ಎಂಬಿಪಿಎಸ್ ಸಾಕು. ಆ ವೇಗದಲ್ಲಿ ಒಂದು ಗಂಟೆಗೆ 450 ಎಂಬಿ ಖರ್ಚು. ದಿನಕ್ಕೆ 1.5 ಜಿಬಿ ಪ್ಲಾನ್‌ನಲ್ಲಿ ಮೂರು ಗಂಟೆಗೂ ಹೆಚ್ಚು ಪಾಠ ನೋಡಬಹುದು. ಅದೇ ವಿಡಿಯೊವನ್ನು 1080ಪಿಯಲ್ಲಿ ನೋಡಿದರೆ ಒಂದೇ ಗಂಟೆಗೆ ಅಷ್ಟೂ ಮುಗಿಯಬಹುದು.

ದಿನದ ಡೇಟಾ ಮುಗಿದ ಮೇಲೆ ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 1 ಎಂಬಿಯ ಒಂದು ಫೋಟೊ ತೆರೆಯಲು ಎರಡು ನಿಮಿಷ. ಹೆಸರಿಗೆ ಅನ್‌ಲಿಮಿಟೆಡ್, ಅಷ್ಟೆ.

ತಪ್ಪು ಕಲ್ಪನೆ ಮತ್ತು ನಿಜ

*5ಜಿ ಟ್ಯಾಬ್ ಕೊಂಡರೆ ಎಲ್ಲೆಡೆ ವೇಗ ಹೆಚ್ಚು.* ಊರಿನಲ್ಲಿ 5ಜಿ ಇದ್ದರೆ ಮಾತ್ರ. ಅಂಚಿನಲ್ಲಿ ಸಿಕ್ಕೂ ಸಿಗದಂತಿರುವ 5ಜಿಗಾಗಿ ಸಾಧನ ತಡಕಾಡುತ್ತಿದ್ದರೆ ಸಂಪರ್ಕ ತುಂಡಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಟ್ಟುಬಿಟ್ಟರೆ ಎಷ್ಟೋ ಸಲ ಪರಿಸ್ಥಿತಿ ಸುಧಾರಿಸುತ್ತದೆ.

*ಸ್ಟೀಲ್ ಪಾತ್ರೆಯಲ್ಲಿಟ್ಟರೆ ಸಿಗ್ನಲ್ ಹೆಚ್ಚುತ್ತದೆ.* ಪಾತ್ರೆಯಲ್ಲಿಟ್ಟ ಫೋನಿನ ಹಾಡು ಜೋರಾಗಿ ಕೇಳುವುದರಿಂದ ಹುಟ್ಟಿದ ನಂಬಿಕೆ ಇದು. ಹೆಚ್ಚುವುದು ಶಬ್ದ. ಸಿಗ್ನಲ್‌ಗೆ ಲೋಹ ಅಡ್ಡಿ.

*ಫೋನಿನ ಹಿಂದೆ ಅಂಟಿಸುವ ಸ್ಟಿಕ್ಕರ್ ಸಿಗ್ನಲ್ ಹೆಚ್ಚಿಸುತ್ತದೆ.* ಇಲ್ಲ. ದುಡ್ಡು ದಂಡ.

*ತಾರಸಿಯ ಮೇಲೆ ಸಿಗ್ನಲ್ ಬೂಸ್ಟರ್ ಹಾಕಿಸಿದರೆ ಮುಗಿಯಿತು.* ಅನುಮತಿ ಇಲ್ಲದೆ ಇಂಥ ಬೂಸ್ಟರ್ ಹಾಕುವುದು ಕಾನೂನುಬಾಹಿರ. ಅದು ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸಿ ಕಳಿಸುವುದರಿಂದ ಸುತ್ತಲಿನವರ ಸಂಪರ್ಕವೂ ಕೆಡುತ್ತದೆ.

*ಮಳೆ ಬಂದರೆ ಸಿಗ್ನಲ್ ಕರಗುತ್ತದೆ.* ಮೊಬೈಲ್ ಬಳಸುವ ಆವರ್ತನಗಳಿಗೆ ಮಳೆಹನಿಯಿಂದ ಆಗುವ ನಷ್ಟ ತೀರಾ ಕಡಿಮೆ. ಒದ್ದೆಯಾದ ಎಲೆಗಳು ಅಲೆಯನ್ನು ಹೆಚ್ಚು ಹೀರುತ್ತವೆ ಎನ್ನುವುದು ನಿಜ. ಅದಕ್ಕಿಂತ ದೊಡ್ಡ ಕಾರಣ, ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಬರಿದಾಗುವುದು.

*ಕಂಪನಿ ಬದಲಿಸಿದರೆ ನಂಬರ್ ಹೋಗುತ್ತದೆ.* ಹೋಗುವುದಿಲ್ಲ. ಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಕೋಡ್ ಬರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಅಷ್ಟೆ.

ಯಂತ್ರ ಬಂತು, ದಾರಿ?

ಇದು ಹೊಸ ಪ್ರಶ್ನೆಯೇನಲ್ಲ. ಕೈಯಲ್ಲಿ ಹಿಡಿಯುವ, ಕನ್ನಡದಲ್ಲೂ ಮಾತಾಡಬಲ್ಲ ಅಗ್ಗದ ಕಂಪ್ಯೂಟರ್ ಒಂದನ್ನು ಬೆಂಗಳೂರಿನಲ್ಲೇ ರೂಪಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ 2001ರಲ್ಲಿ ಜನರ ಮುಂದಿಟ್ಟ ಅದರ ಹೆಸರು ಸಿಂಪ್ಯೂಟರ್. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡ್‌ನಲ್ಲಿರಲಿ ಎಂಬುದು ಆಲೋಚನೆ. ಇಂಟರ್ನೆಟ್‌ಗೆ ಅದು ನಂಬಿದ್ದು ದೂರವಾಣಿ ತಂತಿಗೆ ಸಿಕ್ಕಿಸುವ ಮೋಡೆಮ್ಮನ್ನು. ತಂತಿಯೇ ಇಲ್ಲದ ಊರಿನಲ್ಲಿ ಆ ಮೋಡೆಮ್‌ನಿಂದ ಪ್ರಯೋಜನವಿರಲಿಲ್ಲ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ 'ಅಮಿಡ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

ಇಪ್ಪತ್ತು ವರ್ಷದ ನಂತರವೂ ಪ್ರಶ್ನೆ ಅದೇ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡಲು ಶುರುಮಾಡಿತು. ಅದೇ ತಿಂಗಳು ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶವಿಡೀ ಹರಿದಾಡಿತು: ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿರುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದರು.

ಹಾಗಾದರೆ ನೀವು ಯಾವುದನ್ನು ಆರಿಸಬೇಕು?

- ಓದುವ ಜಾಗದಲ್ಲೇ ಸಿಗ್ನಲ್ ಚೆನ್ನಾಗಿದೆ, ಫೋನ್ ಮನೆಯಲ್ಲೇ ಇರುತ್ತದೆ: ವೈಫೈ ಟ್ಯಾಬ್, ಫೋನಿನ ಹಾಟ್‌ಸ್ಪಾಟ್.
- ಸಿಗ್ನಲ್ ಚೆನ್ನಾಗಿದೆ, ಆದರೆ ಫೋನ್ ಹಗಲೆಲ್ಲ ಹೊರಗಿರುತ್ತದೆ: ಸಿಮ್ ಇರುವ ಟ್ಯಾಬ್, ಅದರಲ್ಲಿ ಬೇರೆ ಕಂಪನಿಯ ಸಿಮ್.
- ಕಿಟಕಿಯಲ್ಲಿ ಇದೆ, ಒಳಗಿಲ್ಲ: ವೈಫೈ ಟ್ಯಾಬ್, ಕಿಟಕಿಯಲ್ಲಿ ಹಳೆಯ ಫೋನ್ ಅಥವಾ ಪುಟ್ಟ ರೂಟರ್.
- ಬೀದಿಗೆ ಫೈಬರ್ ಬಂದಿದೆ, ಬಳಸುವವರು ಹಲವರು: ಫೈಬರ್, ಜೊತೆಗೆ ಸಣ್ಣ ಯುಪಿಎಸ್.
- ಮನೆಯ ಯಾವ ಮೂಲೆಯಲ್ಲೂ ಇಲ್ಲ: ಹೆಚ್ಚು ಸ್ಟೋರೇಜ್‌ನ ವೈಫೈ ಟ್ಯಾಬ್, ಹಗಲಿನಲ್ಲಿ ಶಾಲೆ ಅಥವಾ ಗ್ರಂಥಾಲಯದಲ್ಲಿ ಡೌನ್‌ಲೋಡ್. ಊರಿಗೆ ಟವರ್ ಬೇಕೆಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಐದರಲ್ಲಿ ಯಾವುದೇ ಇರಲಿ, ಒಂದು ನಿಯಮ ಬದಲಾಗಬಾರದು. ಕತ್ತಲಾದ ಮೇಲೆ ಸಿಗ್ನಲ್‌ಗಾಗಿ ಮಕ್ಕಳು ಕಾಡಿನ ಕಡೆಗೋ ನೀರಿನ ಕಡೆಗೋ ಹೋಗಬಾರದು. ಪಾಠವನ್ನು ನಾಳೆ ಬೆಳಿಗ್ಗೆ ಇಳಿಸಿಕೊಂಡರೂ ಆಗುತ್ತದೆ.